ಬಸವಲಿಂಗಮ್ಮನ ಎಡ ಅಂಗೈ

ಶರಣಬಂಧುಗಳೇ, ಕೈಯಲ್ಲಿರುವುದನ್ನು ಒಂದು ಗಳಿಗೆ ಕೆಳಗಿಟ್ಟು ಕೇಳಿ. ಇದು ಚೇಳೂರಿನ ಬಸವಲಿಂಗಮ್ಮನ ಕಥೆ. ಹೇಳುವಾಗ ನನಗೆ ಇಂದಿಗೂ ಮೈ ಉರಿಯುತ್ತದೆ.

ಆಕೆ ಆರು ವರ್ಷ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ, ದ್ರಾವಕದಲ್ಲಿ ಬಟ್ಟೆಯದ್ದಿ, ಕಬ್ಬಿಣದ ಬಿಡಿಭಾಗಗಳ ಜಿಡ್ಡನ್ನು ಬರಿಗೈಯಿಂದ ಒರೆಸಿದಳು. ಬೆಳಗಿನ ಬಸ್ಸಿಗೆ ಮುನ್ನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ಕಣ್ಣು ಮುಚ್ಚಿ ಪೂಜಿಸುವುದು ಆಕೆಯ ನಿತ್ಯನೇಮ. ಒಂದು ಸೋಮವಾರ ಕಣ್ಣು ಮುಚ್ಚಿದರೆ ಅಂಗೈ ಬರಿದು! ತೆರೆದರೆ ಲಿಂಗ ಅಲ್ಲಿಯೇ ಇತ್ತು.

ಅಳುತ್ತ ಊರಿನ ಹಿರಿಯ ಸಿದ್ದಯ್ಯನವರ ಬಳಿ ಹೋದಳು.

"ಶಿವ ಕೈ ಬುಟ್ಟವ್ನೆ ಕಣಮ್ಮ. ಏನೋ ತಪ್ಪು ಮಾಡಿದೀಯ. ಇಪ್ಪತ್ತೊಂದು ದಿನ ಒಪ್ಪತ್ತಿರು" ಎಂದರು.

ನೊಂದ ಜೀವಕ್ಕೆ ಆಡುವ ಮಾತೇ ಇದು? ಆಕೆ ನಂಬಿದಳು. ಒಪ್ಪತ್ತು ಉಂಡು ಅದೇ ದ್ರಾವಕಕ್ಕೆ ಮತ್ತೆ ಕೈಯಿಟ್ಟಳು. ಹದಿನೈದನೆಯ ದಿನ ರೊಟ್ಟಿಯ ಹೆಂಚಿನಲ್ಲಿ ಬೆರಳು ಸುಟ್ಟದ್ದು ಆಕೆಗೆ ತಿಳಿದದ್ದು ವಾಸನೆಯಿಂದ.

ಮಗಳು ಸುಮನಾ ತುಮಕೂರಿನ ವೈದ್ಯೆ ಮುಬಶ್ಶಿರಾ ಅವರಲ್ಲಿಗೆ ಕರೆದೊಯ್ದಳು. ವೈದ್ಯೆ ನೈಲಾನ್ ಎಳೆಯಿಂದ ಬೆರಳ ತುದಿಗಳನ್ನು ಹತ್ತು ಸಲ ಮುಟ್ಟಿದರು. ಕಣ್ಣು ಮುಚ್ಚಿದ್ದ ಬಸವಲಿಂಗಮ್ಮ "ಹ್ಞೂಂ" ಎಂದದ್ದು ಎರಡೇ ಸಲ.

"ಚರ್ಮದ ಹೊರಪದರದ ತಳದಲ್ಲಿ ಮರ್ಕೆಲ್ ಕೋಶ ಅಂತ ಇರ್ತವೆ ಅಮ್ಮ, ಬೆರಳ ತುದೀಲಿ ಜಾಸ್ತಿ. ಒಂಚೂರು ಒತ್ತಿದ್ರೂ ಪಕ್ಕದ ನರಕ್ಕೆ ಸುದ್ದಿ ಕೊಡ್ತವೆ. ಆ ಸುದ್ದಿ ಹೊರೋ ನರಾನೇ ನಿಮ್ಮ ಕೆಮಿಕಲ್ ಕೆಡಿಸ್ಬಿಟ್ಟಿದೆ."

"ಹಂಗಾರೆ ಶಿವ ನನ್ನ ಬುಟ್ಟಿಲ್ವಾ?"

"ಅವ್ನು ಬಿಟ್ಟಿಲ್ಲ. ನೀವು ಆ ಕೆಮಿಕಲ್ ಬಿಡಿ!"

ಭಗವಂತನು ತೊಗಲೊಳಗೆ ಇಂಥ ಸೂಕ್ಷ್ಮ ಕಾವಲುಗಾರರನ್ನಿರಿಸಿದ್ದಾನೆ. ಅವರ ದನಿಯನ್ನಡಗಿಸಿದ್ದು ಮನುಷ್ಯನ ಲೋಭ. ಪಾಪ ಯಾರದು, ಪ್ರಾಯಶ್ಚಿತ್ತ ಯಾರಿಗೆ!

ವೈದ್ಯೆಯ ಚೀಟಿ ಕಂಡು ಕಾರ್ಖಾನೆಯ ಮೇಲ್ವಿಚಾರಕ ಅಂಜನ್‌ಕುಮಾರ್ ನಕ್ಕನು. "ರಕ್ತ ಎಲ್ಲಿ ಬಂದೈತೆ ತೋರ್ಸಮ್ಮ? ನಾಟಕ ಬುಡು."

"ರಕ್ತ ಬಂದ್ರೂ ನಂಗೆ ಗೊತ್ತಾಗಲ್ಲ ಕಣಪ್ಪ. ಅದೇ ರೋಗ."

ಆಕೆ ಬಟ್ಟೆಯನ್ನು ಕೆಳಗಿಟ್ಟಳು. ಸಾಲಿನ ಉಳಿದ ಹನ್ನೊಂದು ಮಂದಿ ಹೆಂಗಸರೂ ಕೆಳಗಿಟ್ಟರು. ಮಧ್ಯಾಹ್ನದೊಳಗೆ ಎಲ್ಲರಿಗೂ ಕೈಗವಸುಗಳು ಬಂದವು. ಎಲ್ಲಿಂದ? ಅಲ್ಲಿಯ ಬೀರುವಿನಿಂದಲೇ! ತಪಾಸಣೆಗೆ ಬಂದವರಿಗೆ ತೋರಿಸಲೆಂದು, ಕಟ್ಟು ಬಿಚ್ಚದೆ ಇರಿಸಿದ್ದರಂತೆ. ಬಸವಲಿಂಗಮ್ಮನಿಗೆ ದ್ರಾವಕ ಸುಳಿಯದ ಪ್ಯಾಕಿಂಗ್ ಕೆಲಸವೂ ಸಿಕ್ಕಿತು.

ಐದು ತಿಂಗಳ ಮೇಲೆ, ಪೂಜೆಯಲ್ಲಿ, ಲಿಂಗದ ದುಂಡನೆಯ ಅಂಚು ಅಂಗೈಗೆ ಮಬ್ಬಾಗಿ ತಿಳಿಯಿತು. ಪೂರ್ತಿಯಲ್ಲ; ಅಂಚು ಮಾತ್ರ. ಆಕೆ ಅಂದು ಬಸ್ಸು ತಪ್ಪಿಸಿಕೊಂಡಳು.

ಬಂಧುಗಳೇ, ಕೈ ಜೋಮು ಹಿಡಿದಿದೆಯೆಂದು ಯಾರಾದರೂ ಬಂದರೆ ಪಾಪ ಹುಡುಕಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಬರಿಗೈಗೆ ವಿಷವನ್ನಿತ್ತವರ ಎದುರು, ಆ ತಾಯಿಯಂತೆ, ನೀವೂ ಬಟ್ಟೆ ಕೆಳಗಿಡಿ.