ವೈನಿಯ ಬಾಣಕ್ಕೆ ನಾನು ಕಳೆದ ನಾಲ್ಕು

ವೈನಿ, ಆ ದಿನ ನಿಮ್ಮ ಬಾಣ ತಾಗಿತ್ತು. ರಾಕ್ಷಸ ನಿಮ್ಮ ಕೈಯಲ್ಲೇ ಸತ್ತಿದ್ದ. ತಾಗಲಿಲ್ಲ ಎಂದು ಸುಳ್ಳು ಹೇಳಿದವನು ನಾನು — ಗೊತ್ತಿದ್ದೂ, ಬೇಕೆಂದೇ, ನಿಮ್ಮ ಮುಖ ನೋಡಿಕೊಂಡೇ ಹೇಳಿದೆ. ಹತ್ತು ವರ್ಷವಾಯಿತು. ನಿಮ್ಮೆದುರು ಊಟಕ್ಕೆ ಕೂತು 'ಇನ್ನೊಂದ ರೊಟ್ಟಿ ಹಾಕ್ರಿ ವೈನಿ' ಎಂದು ಕೇಳುವಾಗಲೂ ಇದೊಂದನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಬಂದೆ.

ಇನ್ನೂ ಇಟ್ಟುಕೊಳ್ಳುತ್ತಿದ್ದೆನೋ ಏನೋ. ಮೊನ್ನೆ ನೀವು ನಾನಿರುವ ಚಿಕ್ಕೋಡಿಗೆ ಫೋನು ಮಾಡಿ, ಈ ರವಿವಾರದಿಂದ ಮಗಳನ್ನೂ ಆಟಕ್ಕೆ ಕೂರಿಸುತ್ತೇನೆ ಎಂದಿರಿ. "ಭಾವೋಜಿ, ಗೌರಿಗೂ ಬಿಲ್ಲ ಬೇಕಂತ್ರಿ. ಗದ್ದಲದಾಗ ಬಾಣ ಬಿಟ್ರ ನಾಕು ಕಳೀಬೇಕವಾ ಅಂತ ಈಗಿಂದ ರೂಢಿ ಮಾಡಸಾಕತ್ತೇನ್ರಿ" ಎಂದು ನಕ್ಕಿರಿ. ನಾನೂ ನಕ್ಕೆ. ಫೋನು ಇಟ್ಟ ಮೇಲೆ ನಗು ಬರಲಿಲ್ಲ. ನನ್ನ ಸುಳ್ಳನ್ನು ನೀವು ಪಾಠದಂತೆ ಮಗಳಿಗೆ ಹೇಳಿಕೊಡುತ್ತಿದ್ದೀರಿ — ಒಂಬತ್ತು ವರ್ಷದ ಆ ಹುಡುಗಿ ಅದನ್ನು ನಂಬಿ...

ಆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ಸಾಂಗ್ಲಿಯ ಹಾಸ್ಟೆಲ್ಲಿನಿಂದ ನಾನು ಡಿಪ್ಲೊಮಾದ ಜೊತೆಗೆ ಒಂದು ಇಂಗ್ಲಿಷ್ ಆಟದ ಪುಸ್ತಕದ ಝೆರಾಕ್ಸ್ ಪ್ರತಿಯನ್ನೂ ತಂದಿದ್ದೆ. ನಿಜ ಹೇಳಬೇಕೆಂದರೆ ಡಿಪ್ಲೊಮಾಕ್ಕಿಂತ ಅದನ್ನೇ ಹೆಚ್ಚು ಓದಿದ್ದೆ. ಒಬ್ಬ ಕತೆ ಹೇಳಬೇಕು, ಉಳಿದವರು ಆ ಕತೆಯೊಳಗಿನ ವೀರರಾಗಬೇಕು. ಕತೆ ಹೇಳುವವನು ನಾನು. ವೀರರು ಅಣ್ಣ ಮತ್ತು ಕಾಕಾನ ಮಗ ಬಸು. ನಮ್ಮೂರು ಐಗಳಿಯಲ್ಲಿ ದ್ರಾಕ್ಷಿ ಒಣಗಿಸುವ ದಿನಗಳಲ್ಲಿ ಶೆಡ್ಡಿನ ಹತ್ತಿರ ಯಾರಾದರೂ ಇರಲೇಬೇಕಲ್ಲ. ಮಧ್ಯಾಹ್ನ ದ್ರಾಕ್ಷಿ ಹರವಿದ ಬಲೆಗಳ ಕೆಳಗಿನ ನೆರಳಿನಲ್ಲಿ ಗೋಣಿತಟ್ಟು ಹಾಸಿ ನಮ್ಮ ಯುದ್ಧ ಶುರುವಾಗುತ್ತಿತ್ತು. ಪುಸ್ತಕ ಕೇಳುವ ಇಪ್ಪತ್ತು ಮುಖದ ದಾಳ ಅಥಣಿಯಲ್ಲೆಲ್ಲಿ ಸಿಗಬೇಕು? ಹೌಸಿ ಆಟದ ಅಂಕಿ ಬರೆದ ಬಿಲ್ಲೆಗಳಲ್ಲಿ ಒಂದರಿಂದ ಇಪ್ಪತ್ತರವರೆಗಿನವನ್ನು ಚೀಲಕ್ಕೆ ಹಾಕಿ, ಕಣ್ಣು ಮುಚ್ಚಿ ಒಂದನ್ನು ತೆಗೆಯುತ್ತಿದ್ದೆವು. ತಟ್ಟಿನ ಮೇಲೆ ಒಣದ್ರಾಕ್ಷಿಯ ಕಾಳುಗಳೇ ಶತ್ರುಗಳು. ಕೊಂದವನು ತಿನ್ನಬೇಕು, ಅದು ನಮ್ಮ ಕಾಯಿದೆ. ಬಸುವಿಗೆ ಆಟಕ್ಕಿಂತ ಈ ಕಾಯಿದೆಯೇ ಹೆಚ್ಚು ಇಷ್ಟವಾಗಿತ್ತು.

ನೀವು ಅಣ್ಣನ ಕೈಹಿಡಿದು ನಿಪ್ಪಾಣಿಯಿಂದ ಸೊಸೆಯಾಗಿ ಬಂದು ಆಗ ಹದಿನೈದು ದಿನವೂ ಆಗಿರಲಿಲ್ಲ. ಚಹಾ ತಂದವರು ನಿಂತು ನೋಡಿದಿರಿ. ಮರುದಿನ ಚಹಾ ಇಟ್ಟು ಕೂತೇಬಿಟ್ಟಿರಿ. "ನನಗೂ ಒಂದ ಮನಶ್ಯಾನ್ ಮಾಡಿಕೊಡ್ರಿ" ಎಂದಿರಿ. ಬಿಲ್ಲುಗಾರ್ತಿಯನ್ನು ಬರೆದುಕೊಟ್ಟೆ. ಯಾವುದಾದರೂ ಒಂದು ವಿಶೇಷ ಕಲೆಯನ್ನು ಆರಿಸಿಕೊಳ್ಳಿ ಎಂದು ಪಟ್ಟಿಯನ್ನು ಕನ್ನಡ ಮಾಡಿ ಓದಿದೆ. ನೀವು ತಡಮಾಡಲಿಲ್ಲ — "ನಮ್ಮ ಮಂದೀಗೆ ಬಡೀಲಾರದಂಗ ಬಾಣ ಬಿಡೂದೈತಲ್ರಿ, ಅದ ಇರ್ಲಿ." ನಾನೇ ಅದಕ್ಕೆ 'ಗುರಿಕಟ್ಟು' ಎಂದು ಹೆಸರಿಟ್ಟು ನಿಮ್ಮ ಹಾಳೆಯಲ್ಲಿ ಬರೆದೆ.

ಆ ಹೊತ್ತಿಗೆ ಅಣ್ಣ ಮತ್ತು ಬಸು ದೊಡ್ಡ ರಾಕ್ಷಸನೊಂದಿಗೆ ಸೆಣಸುತ್ತಿದ್ದರು. ಆ ರಾಕ್ಷಸನನ್ನು ಕಟ್ಟಲು ನನಗೆ ಎರಡು ತಿಂಗಳು ಹಿಡಿದಿತ್ತು. ತಟ್ಟಿನ ನಡುವೆ ಅವನ ಜಾಗದಲ್ಲಿ ನೀವು ತವರಿನಿಂದ ತಂದ ಶೇಂಗಾ ಉಂಡಿಯನ್ನು ಕೂರಿಸಿದ್ದೆವು. ಇನ್ನೊಂದೇ ಪೆಟ್ಟು ಬಿದ್ದರೆ ಅವನ ಕತೆ ಮುಗಿಯುತ್ತಿತ್ತು. ಹತ್ತೊಂಬತ್ತು ಮುಟ್ಟಿದರೆ ಪೆಟ್ಟು ಬಿದ್ದಂತೆ. ನೀವು ಚೀಲಕ್ಕೆ ಕೈ ಹಾಕಿದಿರಿ. ಹದಿನೈದು ಬಂತು. ಅದರ ಮೇಲೆ ನಿಮ್ಮ ಬಿಲ್ಲುಗಾರ್ತಿಯ ಚುರುಕುತನಕ್ಕೆ ಮೂರು, ಪಳಗಿದ ಕೈಗೆ ಒಂದು — ನೀವೇ ಬೆರಳು ಮಡಚಿ ಕೂಡಿಸಿದಿರಿ.

"ಹತ್ತೊಂಬತ್ತ! ಬರೋಬ್ಬರಿ ಹತ್ತೊಂಬತ್ತ! ಬಡೀತಲ್ರಿ ಭಾವೋಜಿ?"

ಆ ಕ್ಷಣ ನನ್ನೊಳಗೆ ಏನಾಯಿತೋ — ಅಲ್ಲ, ಏನಾಯಿತೆಂದು ಚೆನ್ನಾಗಿಯೇ ಗೊತ್ತು. ಹೊಟ್ಟೆಕಿಚ್ಚಾಯಿತು. ಆ ಸಾವನ್ನು ನಾನು ಅಣ್ಣನ ಕತ್ತಿಗೆಂದು ಎತ್ತಿಟ್ಟಿದ್ದೆ. ಸಾಯುವಾಗ ರಾಕ್ಷಸ ಆಡಬೇಕಾದ ಮಾತನ್ನೂ ಬರೆದಿಟ್ಟಿದ್ದೆ. ಅಂದೇ ಆಟ ಕಲಿತವರು, ಅದೂ ಮೊದಲ ಬಿಲ್ಲೆಯಲ್ಲೇ...

"ಇಲ್ರಿ ವೈನಿ. ನಮ್ಮವರು ಅವನ ಮೈಮ್ಯಾಲ ಬಿದ್ದ ಹೊಡದಾಡಾಕತ್ತಾರ. ಗದ್ದಲದಾಗ ಬಾಣ ಬಿಟ್ರ ನಾಕು ಕಳೀಬೇಕು."

"ಮತ್ತ ನನ್ನ ಗುರಿಕಟ್ಟು?"

"ಅದು ಪ್ರಾಣಿಗೋಳಿಗಷ್ಟ ನಡೀತೈತ್ರಿ. ಪುಸ್ತಕದಾಗ ಹಂಗ ಐತಿ."

ಪುಸ್ತಕದಲ್ಲಿ ಹಾಗಿರಲಿಲ್ಲ, ವೈನಿ. ನಾಲ್ಕು ಕಳೆಯುವ ನಿಯಮವೇನೋ ನಿಜ. ಆದರೆ ಆ ನಾಲ್ಕನ್ನು ಅಳಿಸುವುದಕ್ಕೆಂದೇ ಇರುವ ಕಲೆ ನಿಮ್ಮದು. ಪ್ರಾಣಿಗೂ ನಡೆಯುತ್ತದೆ, ರಾಕ್ಷಸನಿಗೂ ನಡೆಯುತ್ತದೆ.

ನೀವು "ಹೌದೇನ್ರಿ" ಎಂದು ಬಿಲ್ಲೆಯನ್ನು ಚೀಲಕ್ಕೆ ಹಾಕಿದಿರಿ. ಮುಂದಿನ ಸರದಿ ಅಣ್ಣನದು. ಹದಿನೆಂಟು ತೆಗೆದ, ತನ್ನ ತೋಳ್ಬಲದ ಅಂಕಿ ಕೂಡಿಸಿ ರಾಕ್ಷಸನನ್ನು ಕೊಂದ, ಇಡೀ ಉಂಡಿಯನ್ನು ಒಂದೇ ಸಲ ಬಾಯಿಗೆ ತುಂಬಿಕೊಂಡ. ರಾಕ್ಷಸನ ಕೊನೆಯ ಮಾತನ್ನು ನಾನು ಗಂಟಲು ದೊಡ್ಡದು ಮಾಡಿ ಓದಿದೆ. ಅಣ್ಣ ಕೆಮ್ಮುತ್ತಿದ್ದುದರಿಂದ ಯಾರೂ ಕೇಳಿಸಿಕೊಳ್ಳಲಿಲ್ಲ. ಅವ್ವ ಮಾತ್ರ ಆಚೆಯಿಂದ, "ತವರಿನ ಉಂಡಿ ಆಕೀದು, ತಿಂದಾಂವ ಇಂವ!" ಎಂದು ಬೈದಳು. ಅಂದಿನ ತೀರ್ಪುಗಳಲ್ಲಿ ಅದೊಂದೇ ಸರಿಯಾದದ್ದು.

ಇಷ್ಟಕ್ಕೇ ನಿಂತಿದ್ದರೆ ಹುಡುಗಾಟವೆನ್ನಬಹುದಿತ್ತು. ಮರುದಿನ ನೀವು "ಆ ಪುಸ್ತಕಾ ಕೊಡ್ರಿ, ನಾನೂ ಓದತೇನಿ" ಎಂದಿರಿ. ನೀವು ಬಿ.ಎ. ಓದಿದವರೆಂಬುದು ನನಗೆ ಮರೆತೇಹೋಗಿತ್ತು. ಗುರಿಕಟ್ಟು ಇದ್ದ ಹಾಳೆಯನ್ನು ಕಟ್ಟಿನಿಂದ ಎಳೆದು ತೆಗೆದು, ಉಳಿದದ್ದನ್ನು ನಿಮ್ಮ ಕೈಗೆ ಕೊಟ್ಟೆ. "ಒಂದ ಹಾಳಿ ಇಲ್ಲಲ್ರಿ" ಎಂದದ್ದಕ್ಕೆ ಝೆರಾಕ್ಸಿನವನ ಮೇಲೆ ತಪ್ಪು ಹೊರಿಸಿದೆ. ಪಾಪ, ಅವನ್ಯಾರೋ ಎಲ್ಲಿಯವನೋ.

ಆಮೇಲೆ ನೀವು ಮಾಡಿದ್ದನ್ನು ನೆನೆದರೆ ಇವತ್ತಿಗೂ ಖುಷಿಯಾಗುತ್ತದೆ, ಆ ಖುಷಿಯ ಹಿಂದೆಯೇ ನಾಚಿಕೆಯಾಗುತ್ತದೆ. ನಾಲ್ಕು ಕಳೆಯುತ್ತಾರಲ್ಲ ಎಂದು ನೀವು ಅಳುತ್ತ ಕೂರಲಿಲ್ಲ. ಬಾಣ ಹೂಡುವ ಮೊದಲು "ಬಾಜೂಕ ಸರೀರಿ!" ಎಂದು ಕೂಗಲು ಶುರುಮಾಡಿದಿರಿ. ಗಂಡಸರಿಬ್ಬರೂ ಹಿಂದೆ ಹಾರಬೇಕು, ಬಾಣ ನುಗ್ಗಬೇಕು, ಮತ್ತೆ ಇಬ್ಬರೂ ಮೇಲೆ ಬೀಳಬೇಕು. ಬುದ್ಧಿಯಿಲ್ಲದೆ ಕತ್ತಿ ಬೀಸುತ್ತಿದ್ದ ಅಣ್ಣ, ಬಸು ಆರು ತಿಂಗಳಲ್ಲಿ ಪಳಗಿದ ಸೈನಿಕರಾದರು. ನನ್ನ ರಾಕ್ಷಸರು ಸಾಲುಸಾಲಾಗಿ ಸತ್ತರು. ನೀವು ಮುಷ್ಟಿಗಟ್ಟಲೆ ಒಣದ್ರಾಕ್ಷಿ ತಿಂದಿರಿ. ಬಾಣಲೆ ಇಳಿಸುವಾಗ ಅವ್ವ, ಟ್ರ್ಯಾಕ್ಟರ್ ಹಿಂದೆ ತೆಗೆಯುವಾಗ ಬಸು, ಎಲ್ಲರ ಬಾಯಲ್ಲೂ ನಿಮ್ಮದೇ 'ಬಾಜೂಕ ಸರೀರಿ'. ಮನೆಗೆ ಅಷ್ಟು ಗೆಲುವು ತಂದಿರಿ ನೀವು.

ಆದರೆ ಇನ್ನೊಂದು ಮಾತೂ ಮನೆಯಲ್ಲಿ ಬೇರು ಬಿಟ್ಟಿತು. ನೀವು ಏನೇ ಹೇಳಿದರೂ ಅಣ್ಣ, "ಆಕಿ ಮಾತಿಗೆ ನಾಕು ಕಳೀರಿ" ಎನ್ನುವುದು, ನಾವೆಲ್ಲ ನಗುವುದು, ನೀವೂ ನಗುವುದು. ಒಮ್ಮೆ ನೀವು ನಗಲಿಲ್ಲ. ಗೌರಿಯನ್ನು ಯಾವ ಶಾಲೆಗೆ ಹಾಕಬೇಕೆಂಬ ಮಾತು ನಡೆದಿತ್ತು. ನೀವು ಬಹಳ ವಿಚಾರ ಮಾಡಿ ಹೇಳಿದ್ದಿರಿ. ಅಣ್ಣ ರೂಢಿಯಂತೆ ನಾಲ್ಕು ಕಳೆದ, ನಾವು ರೂಢಿಯಂತೆ ನಕ್ಕೆವು. ನೀವು ತಾಟು ಎತ್ತಿಕೊಂಡು ಒಳಗೆ ಹೋದಿರಿ. ಆ ನಾಲ್ಕು ನಾನು ಹುಟ್ಟಿಸಿದ್ದು ಎಂದು ಆಗಲೇ ಎದ್ದು ಹೇಳಬೇಕಿತ್ತು. ತಲೆ ಬಗ್ಗಿಸಿ ಅನ್ನ ಕಲಸಿದೆ.

ಎಷ್ಟೋ ಸಲ ಹೇಳಲು ಹೊರಟದ್ದುಂಟು. ಆಟ ರಂಗೇರಿರುತ್ತಿತ್ತು, ನೀವು ಗೆದ್ದು ನಗುತ್ತಿರುತ್ತಿದ್ದಿರಿ. ಈಗ ಯಾಕೆ ಎನಿಸುತ್ತಿತ್ತು — ಅಂದರೆ, ಹೆದರುತ್ತಿದ್ದೆ. ಅದಕ್ಕೆ ಬೇರೆ ಹೆಸರು ಇಡಲಾರೆ.

ಹಾಳೆ ನನ್ನ ಸರ್ಟಿಫಿಕೇಟುಗಳ ಫೈಲಿನಲ್ಲಿ ಇಷ್ಟು ದಿನ ಇತ್ತು. ಈ ಪತ್ರದ ಜೊತೆ ಇಟ್ಟಿದ್ದೇನೆ. ನಡುವಿನ ಕಾಲಂ, ಮೇಲಿನಿಂದ ಮೂರನೆಯದು. ನಾನು ಕನ್ನಡ ಮಾಡಿ ಹೇಳುವುದಿಲ್ಲ, ನೀವೇ ಓದಿರಿ. ರವಿವಾರ ಮೊದಲ ಬಸ್ಸಿಗೆ ಐಗಳಿಗೆ ಬರುತ್ತೇನೆ. ಆಟ ಶುರುವಾಗುವ ಮೊದಲು ಅಣ್ಣ, ಬಸು, ಅವ್ವ ಎಲ್ಲರೆದುರು ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಅಣ್ಣ ಹತ್ತು ವರ್ಷದಿಂದ ನೆಂಟರ ಮುಂದೆಲ್ಲ ಕೊಚ್ಚಿಕೊಂಡ ಶೌರ್ಯ ಅವನದಲ್ಲ ಎಂದೂ ಹೇಳುತ್ತೇನೆ. ಅವನ ಮುಖ ನೋಡಲು ನೀವು ತಯಾರಾಗಿರಿ. ಬೈಗಳನ್ನು ತಿನ್ನಲು ನಾನು ತಯಾರಾಗಿಯೇ ಬರುತ್ತೇನೆ.

ಇನ್ನು ಮೇಲೆ ಕತೆ ನೀವು ಹೇಳಿರಿ, ಪುಸ್ತಕ ನಿಮ್ಮ ಹತ್ತಿರವೇ ಇರಲಿ. ನನ್ನನ್ನು ಆಟಕ್ಕೆ ಸೇರಿಸಿಕೊಳ್ಳುವುದು, ಬಿಡುವುದು ನಿಮಗೆ ಬಿಟ್ಟದ್ದು. ಗೌರಿಗೆ ಮಾತ್ರ ನಾಲ್ಕು ಕಳೆಯಬೇಡಿರಿ.