ನೆಟ್ಟಗಿದ್ದ ತಂಬಿಗೆ

“ಅಜ್ಜಿ, ಬೀಳ್ತೀರಿ!” ಗಾಬರಿಯಲ್ಲಿ ನನಗೆ ಮರಾಠಿ ಮರೆತು ಕನ್ನಡವೇ ಬಂತು.

ಯುಗಾದಿಯ ಬೆಳಿಗ್ಗೆ ಪುಣೆಯ ವಿಮಾನ ನಗರದಲ್ಲಿ ವಾಕಿಂಗ್ ಹೊರಟಿದ್ದೆ. ಮನೆಮನೆಯಲ್ಲೂ ಮರಾಠಿಗರ ಪಾಡ್ವಾ ಹಬ್ಬದ ಗುಡಿ ಏರಿತ್ತು: ಬಿದಿರುಕೋಲು, ಅದಕ್ಕೆ ರೇಷ್ಮೆ ಸೀರೆ, ಬೇವು, ತುದಿಗೆ ಬೋರಲು ಹಾಕಿದ ತಾಮ್ರದ ತಂಬಿಗೆ. ಒಂದು ಮನೆಯ ಮುಂದೆ ಮಾತ್ರ ತಂಬಿಗೆಯನ್ನು ನೆಟ್ಟಗೆ ಕಟ್ಟಿದ್ದರು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಸ್ಟೂಲ್ ಹತ್ತಿ ಅದರ ದಾರ ಬಿಚ್ಚುತ್ತಿದ್ದರು. ನನ್ನ ಕನ್ನಡ ಕೇಳಿ ತಿರುಗಿದರು.

“ಹಬ್ಬದ ದಿನ ಬೋರಲ ತಂಬಿಗಿ ನನಗ ಸೇರೂದಿಲ್ಲಂತ ತಿಳದು ಸೊಸಿ ನೆಟ್ಟಗ ಕಟ್ಯಾಳ್ರಿ. ಆಕಿ ಮರಾಠಿಯಾಕಿ, ತವರಾಗ ಬೋರಲಾನ ಇಡ್ತಾರ. ಹೂವು ತರಾಕ ಹೋಗ್ಯಾಳ, ಬರೂದ್ರಾಗ ತಿರುವಿ ಕಟ್ಟತೀನಿ. ಸ್ಟೂಲ್ ಗಟ್ಟಿ ಹಿಡೀರಿ!”

ಹಿಡಿದೆ. ಅವರು ಗಂಟು ಹಾಕಿ ಮುಗಿಸುವವರೆಗೂ ನಾನು ತಲೆ ಎತ್ತಲಿಲ್ಲ.

ನನ್ನ ಸೊಸೆಯೂ ಮರಾಠಿಯವಳೇ. ಮದುವೆಯಾದ ವರ್ಷ ಗುಡಿ ಏರಿಸಲೇ ಎಂದು ಕೇಳಿದ್ದಳು. “ನಮ್ಮಲ್ಲಿ ಆ ಪದ್ಧತಿ ಇಲ್ಲ” ಎಂದಿದ್ದೆ. ಮತ್ತೆಂದೂ ಅವಳು ಕೇಳಲಿಲ್ಲ. ಈ ಯುಗಾದಿಯಂದು ವಾಕಿಂಗ್ ಮುಗಿಸಿ ಬಂದ ನನ್ನ ಹೆಗಲ ಮೇಲೆ ಉದ್ದದ ಬಿದಿರುಕೋಲು ನೋಡಿ, ಬಾಗಿಲು ತೆಗೆದ ಸೊಸೆ ತಂಬಿಗೆ ತರಲು ಒಳಗೆ ಓಡಿದಳು.