ಇಪ್ಪತ್ತೆರಡು ಕೀಲಿಕೈಗಳ ಅಕ್ಕ

ಬೆಳಗಿನ ಆರು ಗಂಟೆ. ಬಸ್ ಡಿಪೋದ ಹಿಂದಿನ ಓಣಿಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡ ಐವತ್ನಾಲ್ಕರ ಹೆಂಗಸೊಬ್ಬರು ಮೂರು ಮಹಡಿಯ ಹಳೇ ಕಟ್ಟಡದ ಮುಂದೆ ನಿಂತು, ಕತ್ತೆತ್ತಿ ಕಿಟಕಿಗಳನ್ನು ನೋಡುತ್ತಿದ್ದಾರೆ. ಒಂದನೇ ಮಹಡಿಯಲ್ಲಿ ಬೆಳಕಿದೆ. ಮೂರನೇ ಮಹಡಿ, ಬಲಗಡೆ? ಇದೆ. "ಸದ್ಯ, ಇದ್ದಾರೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಮೆಟ್ಟಿಲು ಹತ್ತುತ್ತಾರೆ. ಒಂದೊಂದು ಹೆಜ್ಜೆಗೂ ಚೀಲದೊಳಗೆ ಅವರು ಈಗ ನೋಡಿಕೊಳ್ಳುತ್ತಿರುವ ಇಪ್ಪತ್ತೆರಡು ಕೋಣೆಗಳ ಡೂಪ್ಲಿಕೇಟ್ ಕೀಲಿಕೈಗಳು ಝಣಝಣ ಅನ್ನುತ್ತವೆ.

ಎಲ್ಲರಿಗೂ ಇವರು 'ಕೀಲಿಕೈ ಅಕ್ಕ'. ಸೈನ್ಯದಿಂದ ವಾಪಸು ಬಂದು, ಮನೆಮಠ ಕಳೆದುಕೊಂಡು, ಮೇಲ್ಸೇತುವೆಯ ಕೆಳಗೋ ಬಸ್ ನಿಲ್ದಾಣದ ಬೆಂಚಿನ ಮೇಲೋ ದಿನ ದೂಡುತ್ತಿರುವ ಮಾಜಿ ಸೈನಿಕರನ್ನು ಹುಡುಕುವುದು, ವಸತಿ ಕಚೇರಿಗೆ ಅಲೆದು ಅವರಿಗೊಂದು ಕೋಣೆ ಕೊಡಿಸುವುದು, ಕೊಡಿಸಿದ ಕೋಣೆ ಕೈತಪ್ಪದ ಹಾಗೆ ಕಾಯುವುದು ಇವರ ಕೆಲಸ. ಎಪ್ಪತ್ತು ದಾಟಿದವರೂ ಇವರನ್ನು 'ಅಕ್ಕ' ಅನ್ನುತ್ತಾರೆ, ಇವರು ಅವರನ್ನೆಲ್ಲ 'ಅಣ್ಣ' ಅನ್ನುತ್ತಾರೆ. ಯಾರು ದೊಡ್ಡವರು, ಯಾರು ಚಿಕ್ಕವರು ಅಂತ ಈ ಸಂಸಾರದಲ್ಲಿ ಯಾರೂ ತಲೆಕೆಡಿಸಿಕೊಂಡಿಲ್ಲ ಬಿಡಿ.

ಇವತ್ತು ಮಾತ್ರ ಅಕ್ಕನಿಗೆ ನಗುವ ಮನಸ್ಸಿಲ್ಲ. ಮೂರನೇ ಮಹಡಿಯಲ್ಲಿರುವುದು 'ವೈರ್‌ಲೆಸ್ ಅಣ್ಣ'. ಅವರು ಕೋಣೆಗೆ ಬಂದು ಇವತ್ತಿಗೆ ಅರವತ್ತು ದಿನ. ಅರವತ್ತನೇ ದಿನ ವಸತಿ ಕಚೇರಿಯ ಅಧಿಕಾರಿ ಬಂದು ನೋಡುತ್ತಾರೆ. ಕೋಣೆಯಲ್ಲಿ ಮನುಷ್ಯ ನಿಜವಾಗಿ ವಾಸವಿದ್ದಾನೆ ಅನಿಸಿದರೆ ಸರಿ, ಇಲ್ಲವಾದರೆ ಸರದಿ ಪಟ್ಟಿಯಲ್ಲಿ ಮುಂದಿರುವವರಿಗೆ ಕೋಣೆ ಹೋಗುತ್ತದೆ. ಆ ಪಟ್ಟಿಯಲ್ಲಿ ಇನ್ನೂರ ನಲವತ್ತು ಹೆಸರುಗಳಿವೆ. ಅಧಿಕಾರಿ ಬರುವುದು ಒಂಬತ್ತಕ್ಕೆ.

ಅಕ್ಕ ಬಾಗಿಲು ತಟ್ಟಿ ಕಾಯುತ್ತಾರೆ. ಕೀಲಿಕೈ ಬಳಸುವುದು ಒಳಗೆ ಯಾರಾದರೂ ಬಿದ್ದು ಎದ್ದೇಳಲಾಗದೆ ಒದ್ದಾಡುತ್ತಿದ್ದರೆ ಮಾತ್ರ. "ಮನೆ ಅವರದು. ನುಗ್ಗೋಕೆ ನಾನ್ಯಾರು?" ಅನ್ನುತ್ತಾರೆ.

ಬಾಗಿಲು ತಕ್ಷಣ ತೆರೆಯುತ್ತದೆ. ಅರವತ್ತೆಂಟರ ವೈರ್‌ಲೆಸ್ ಅಣ್ಣ ನೆಟ್ಟಗೆ ನಿಂತಿದ್ದಾರೆ. ಹತ್ತೊಂಬತ್ತು ವರ್ಷ ಸೈನ್ಯದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಂದೇಶ ಹಿಡಿದವರು. ಆಮೇಲೆ ಹೆಂಡತಿ ತೀರಿಕೊಂಡರು, ಕೆಲಸಗಳು ಒಂದೂ ನಿಲ್ಲಲಿಲ್ಲ, ಆರು ವರ್ಷ ಮೇಲ್ಸೇತುವೆಯ ಕೆಳಗೆ ಕಳೆದುಹೋಯಿತು. ಇವತ್ತು ಗಡ್ಡ ನುಣ್ಣಗೆ ಹೆರೆದಿದ್ದಾರೆ, ಕೋಟಿನ ಗುಂಡಿ ಕತ್ತಿನವರೆಗೆ ಹಾಕಿದ್ದಾರೆ. ಅಕ್ಕನ ಕಣ್ಣು ಅವರನ್ನು ದಾಟಿ ಒಳಗೆ ಹೋಗುತ್ತದೆ.

ಮಂಚ, ಕುರ್ಚಿ, ಕಪಾಟು ಬಿಟ್ಟರೆ ಕೋಣೆ ಖಾಲಿ. ಮಂಚದ ಮೇಲೆ ಕಂಬಳಿಯನ್ನು ಚೌಕವಾಗಿ ಮಡಿಸಿ ದಾರ ಕಟ್ಟಲಾಗಿದೆ. ಸ್ಟೌ ಇಲ್ಲ, ಪಾತ್ರೆ ಇಲ್ಲ, ಒಣಹಾಕಿದ ಟವೆಲ್ ಇಲ್ಲ. ಕಪಾಟಿನ ಹಲಗೆಗಳನ್ನು ತೊಳೆದು ಒರೆಸಲಾಗಿದೆ. ಬಟ್ಟೆಬರೆಯೆಲ್ಲ ಬಾಗಿಲ ಬಳಿ ಒಂದು ಚೀಲದಲ್ಲಿ ಬಿಗಿಯಾಗಿ ಕೂತಿದೆ. ನಿನ್ನೆಯವರೆಗೆ ಕನ್ನಡಿ ನೇತಾಡುತ್ತಿದ್ದ ಮೊಳೆಯನ್ನೂ ಕಿತ್ತಿದ್ದಾರೆ ಪುಣ್ಯಾತ್ಮ.

"ಅಯ್ಯೋ ಅಣ್ಣಾ, ಸಾಮಾನೆಲ್ಲ ಎಲ್ಲಿ?"

"ಪಕ್ಕದ ಮನೇಲಿಟ್ಟಿದ್ದೀನಿ ಅಕ್ಕಾ. ತಪಾಸಣೆ ಅಂತ ನೀವೇ ಚೀಟಿ ಕಳಿಸಿದ್ರಲ್ಲ. ಎಲ್ಲಾ ಕ್ಲೀನ್."

ಅಕ್ಕ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ತಪ್ಪು ಅಕ್ಕನದೇ. ಸೈನ್ಯದಲ್ಲಿ ತಪಾಸಣೆ ಎಂದರೆ ಒಂದು ಸಾಮಾನೂ ಕಣ್ಣಿಗೆ ಬೀಳಬಾರದು. ಹೋದ ವರ್ಷ ಇದೇ ಕಟ್ಟಡದಲ್ಲಿ ಸೈನ್ಯದಲ್ಲಿ ಅಡುಗೆಯವರಾಗಿದ್ದವರೊಬ್ಬರು ತಪಾಸಣೆ ಎಂಬ ಮಾತು ಕೇಳಿದ್ದೇ ತಡ, ಕೋಣೆಯನ್ನು ಹೀಗೇ ಒಪ್ಪ ಮಾಡಿಟ್ಟಿದ್ದರು. ಅಧಿಕಾರಿ ಬಂದರು, ನೋಡಿದರು, 'ವಾಸದ ಕುರುಹು ಕಂಡುಬಂದಿಲ್ಲ' ಎಂದು ಬರೆದು ಹೋದರು. ವಾರದೊಳಗೆ ಅಡುಗೆಯವರು ಬೀದಿಗೆ ಬಂದರು. ಆವತ್ತಿನಿಂದ ಅಕ್ಕ ಯಾರಿಗೂ 'ತಪಾಸಣೆ' ಅನ್ನದೆ, 'ಯಾರೋ ಒಬ್ಬರು ಬಂದು ನೋಡಿಕೊಂಡು ಹೋಗ್ತಾರೆ' ಅನ್ನುತ್ತಿದ್ದರು. ನಿನ್ನೆ ಒಬ್ಬರನ್ನು ಆಸ್ಪತ್ರೆಗೆ ಸೇರಿಸುವ ಗಡಿಬಿಡಿಯಲ್ಲಿ ಕೈ ಹಳೇ ಪದವನ್ನೇ ಬರೆದುಬಿಟ್ಟಿದೆ.

"ಸಾಮಾನು ವಾಪಸು ತರೋಣ ಅಣ್ಣಾ. ನೀವಿಲ್ಲಿ ಇರೋದು ಅವರಿಗೆ ಕಾಣಬೇಕು."

"ಆಫೀಸರ್ ಮುಂದೆ ಪಾತ್ರೆ ಪಗಡೆ ಹರಡಿಕೊಂಡು ಕೂರೋದಾ?" ವೈರ್‌ಲೆಸ್ ಅಣ್ಣ ಬಾಗಿಲ ಬಳಿಗೆ ನಡೆಯುತ್ತಾರೆ. "ಅದು ನನ್ನಿಂದಾಗಲ್ಲ. ಬೇಕಾದ್ರೆ ನಾನು ಹೊರಗೆ ಹೋಗಿಬಿಡ್ತೀನಿ." ಹಾಗೆನ್ನುತ್ತಲೇ ಚೀಲ ಹೆಗಲಿಗೇರಿಸುತ್ತಾರೆ.

ಇನ್ನೊಂದು ಮಾತಾಡಿದರೆ ಈ ಮನುಷ್ಯ ಮೆಟ್ಟಿಲಿಳಿದು ಹೋಗುವುದು ಗ್ಯಾರಂಟಿ. ಹಾಗೆ ಹೋದವರನ್ನು ಮತ್ತೆ ಹುಡುಕುವುದಕ್ಕೆ ತಿಂಗಳುಗಳೇ ಬೇಕು. "ಆಯ್ತಣ್ಣಾ, ನಿಮ್ಮಿಷ್ಟ. ಚೀಲ ಕೆಳಗಿಡಿ. ನಾನು ಇಲ್ಲೇ ಮೆಟ್ಟಿಲ ಮೇಲೆ ಕೂತಿರ್ತೀನಿ" ಎಂದು ಅಕ್ಕ ಹೊರಗೆ ಬರುತ್ತಾರೆ.

ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಾ ಅಕ್ಕ ತಮ್ಮ ಕತೆ ಹೇಳುತ್ತಾರೆ, ಕಣ್ಣು ಮಾತ್ರ ಆ ಬಾಗಿಲ ಮೇಲೇ. ಮೊದಲು ಅವರು ಮಾಜಿ ಸೈನಿಕರ ಪಿಂಚಣಿ ಕಚೇರಿಯಲ್ಲಿ ಗುಮಾಸ್ತೆ. 'ಈ ವಿಳಾಸದಲ್ಲಿ ಇಲ್ಲ' ಎಂದು ಗೀಚಿಸಿಕೊಂಡು ವಾಪಸು ಬಂದ ಲಕೋಟೆಗಳನ್ನು ಕಟ್ಟಿ ಮೂಲೆಗಿಡುವುದು ಅವರ ಪಾಲಿನ ಕೆಲಸ. "ಒಂದಿನ ಅನ್ನಿಸ್ತು, ಅಲ್ಲ, ಇಲ್ಲಿಲ್ಲ ಅಂದ್ರೆ ಇನ್ನೆಲ್ಲಿದ್ದಾರೆ? ಲಕೋಟೆ ಚೀಲಕ್ಕೆ ಹಾಕ್ಕೊಂಡು ಹೊರಟೆ. ಮೊದಲನೆಯವರು ಸಿಕ್ಕಿದ್ದು ಕಚೇರಿಯಿಂದ ನೂರು ಹೆಜ್ಜೆ ದೂರದಲ್ಲಿ, ಫುಟ್‌ಪಾತ್ ಮೇಲೆ. ದಿನಾ ಅವರನ್ನ ದಾಟಿಕೊಂಡೇ ಕೆಲಸಕ್ಕೆ ಹೋಗ್ತಿದ್ದೆ ನಾನು!"

ಅದಾಗಿ ಹನ್ನೊಂದು ವರ್ಷ. ಗುಮಾಸ್ತೆ ಕೆಲಸ ಬಿಟ್ಟು ಸಣ್ಣದೊಂದು ಸಂಸ್ಥೆ ಸೇರಿದ್ದಾರೆ. ದಿನಕ್ಕೆ ಏಳೆಂಟು ಬಾಗಿಲು, ಎಂಟು ಕಿಲೋಮೀಟರ್ ನಡಿಗೆ, ನಲವತ್ತು ಫೋನ್ ಕರೆ. ಇದುವರೆಗೆ ಅರವತ್ತನಾಲ್ಕು ಮಂದಿಗೆ ಕೋಣೆ ಕೊಡಿಸಿದ್ದಾರೆ. ಹದಿನೇಳು ಮಂದಿ ಮತ್ತೆ ಬೀದಿ ಪಾಲಾದರು. ಕೇಳಿದರೆ ಅಕ್ಕ ಹೇಳುವುದು ಆ ಹದಿನೇಳು ಮಂದಿಯ ಸುದ್ದಿಯನ್ನೇ. ಒಬ್ಬರು ಗೋಡೆಗಳು ಹತ್ತಿರ ಬರುತ್ತವೆ ಎಂದು ಓಡಿದರು, ಒಬ್ಬರು ಕುಡಿದು ಬಾಗಿಲು ಮುರಿದರು, ಒಬ್ಬರು ತಮಗಿಂತ ಕಷ್ಟದಲ್ಲಿರುವ ಗೆಳೆಯನಿಗೆ ಕೋಣೆ ಬಿಟ್ಟುಕೊಟ್ಟು ಸುಮ್ಮನೆ ಎದ್ದುಹೋದರು. "ಕೋಣೆ ಕೊಡಿಸಿದ ದಿನ ಎಲ್ಲರೂ ಕೈ ಕುಲುಕ್ತಾರೆ. ನಂಗೆ ಭಯ ಶುರುವಾಗೋದೇ ಆವತ್ತಿಂದ."

ಗಂಡ ಗಡಿಯಾರ ರಿಪೇರಿ ಮಾಡುವವರು, ಸಾಧು ಪ್ರಾಣಿ. ದಾದಿಯಾಗಿರುವ ಮಗಳ ನಾಲಿಗೆ ಮಾತ್ರ ಚೂಪು. "ಅಮ್ಮಾ, ನಿನಗೂ ಒಂದು ಮನೆ ಇದೆ. ಖಾಲಿ ಬಿಟ್ರೆ ನಿಂದೂ ಹೋಗುತ್ತೆ ನೋಡು" ಎಂದು ನಿನ್ನೆಯೂ ಕಾಲೆಳೆದಿದ್ದಾಳಂತೆ. ಹೇಳುತ್ತಾ ನಗಲು ಹೋದ ಅಕ್ಕ ಕೆಳಗೆ ಬೂಟಿನ ಸದ್ದು ಕೇಳಿ ಎದ್ದು ನಿಲ್ಲುತ್ತಾರೆ.

ಒಂಬತ್ತಕ್ಕೆ ಐದು ನಿಮಿಷ. ಅಧಿಕಾರಿ ಏದುಸಿರು ಬಿಡುತ್ತಾ ಬರುತ್ತಾರೆ, ಕೈಯಲ್ಲೊಂದು ಫಾರಂ. ಕೆಟ್ಟವರೇನಲ್ಲ. ಆದರೆ ಫಾರಂನಲ್ಲಿರುವುದನ್ನು ಬಿಟ್ಟು ಬೇರೆ ಕೇಳುವವರಲ್ಲ. ಅವರು ಕೇಳುವಾಗ ಅಕ್ಕ ನಡುವೆ ಬಾಯಿ ಹಾಕುವಂತಿಲ್ಲ, ಅದು ನಿಯಮ. ಅಕ್ಕ ಬಾಗಿಲಾಚೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಲ್ಲುತ್ತಾರೆ.

ಅಧಿಕಾರಿ ಮಂಚ ನೋಡುತ್ತಾರೆ, ಕಪಾಟು ನೋಡುತ್ತಾರೆ, ಬಾಗಿಲ ಬಳಿಯ ಚೀಲ ನೋಡುತ್ತಾರೆ. "ಇಲ್ಲಿ ಯಾರೂ ಇರೋ ಹಾಗೇ ಕಾಣಲ್ವಲ್ರೀ. ರಾತ್ರಿ ಇಲ್ಲೇ ಮಲಗ್ತೀರಾ?"

"ಇಲ್ಲ ಸರ್" ಅನ್ನುತ್ತಾರೆ ವೈರ್‌ಲೆಸ್ ಅಣ್ಣ, ಎದೆ ಸೆಟೆಸಿ.

ಅಕ್ಕ ಮನಸ್ಸಿನಲ್ಲೇ ಎಣಿಸುತ್ತಾರೆ. ಮುಗಿಯಿತು, ಹದಿನೆಂಟನೆಯವರು ಇವರೇ. ಅಧಿಕಾರಿಯ ಪೆನ್ನು ಕಾಗದದ ಮೇಲೆ ಇಳಿಯುತ್ತಿದೆ.

"ನಿದ್ದೆ ಬರಲ್ಲ ಸರ್. ಕುರ್ಚಿ ಮೇಲೆ ಕೂತು ಕೇಳಿಸಿಕೊಳ್ತಾ ಇರ್ತೀನಿ."

"ಏನನ್ನ?"

"ಎಲ್ಲಾನೂ ಸರ್. ಹನ್ನೊಂದೂವರೆಗೆ ಎಡಗಡೆ ಮನೆ ಟಿವಿ ಆಫ್. ಒಂದು ಐವತ್ತಕ್ಕೆ ಕೆಳಗಿನ ಮನೆ ಮಗು ಅಳುತ್ತೆ, ಹತ್ತು ನಿಮಿಷ, ಆಮೇಲೆ ತಾಯಿ ಹಾಡ್ತಾರೆ. ಮೂರೂವರೆಗೆ ಡಿಪೋದಲ್ಲಿ ಮೊದಲ ಬಸ್ ಸ್ಟಾರ್ಟ್. ನಾಲ್ಕೂ ಹತ್ತಕ್ಕೆ ಮೇಲಿನ ಟ್ಯಾಂಕಿಗೆ ನೀರು ಬೀಳುತ್ತೆ." ದನಿ ತಗ್ಗಿಸಿ ಸೇರಿಸುತ್ತಾರೆ. "ಮೂರು ದಿನದಿಂದ ಮಗು ಅಳ್ತಾ ಇಲ್ಲ ಸರ್. ಏನಾಯ್ತೋ ಏನೋ. ಹೋಗಿ ಕೇಳೋಣ ಅಂದ್ರೆ ನನ್ನನ್ನ ನೋಡಿ ಹೆದರ್ತಾರೇನೋ ಅಂತ ಸುಮ್ಮನಿದ್ದೀನಿ."

ಅಧಿಕಾರಿ ಫಾರಂ ನೋಡುತ್ತಾರೆ. ಇದನ್ನು ಬರೆಯುವ ಜಾಗ ಅದರಲ್ಲಿಲ್ಲ. ಏನನ್ನಿಸಿತೋ, ಮೆಟ್ಟಿಲಿಳಿದು ಹೋಗಿ ಕೆಳಗಿನ ಮನೆಯ ಬಾಗಿಲು ತಟ್ಟುತ್ತಾರೆ. ಹೆಂಗಸಿನ ದನಿ, ಏನೋ ಮಾತು. ಮೇಲೆ ಇಬ್ಬರೂ ಕಿವಿಗೊಟ್ಟು ನಿಂತಿದ್ದಾರೆ. ಅಕ್ಕನಿಗೆ ಕೋಣೆಯ ಚಿಂತೆ, ಅಣ್ಣನಿಗೆ ಮಗುವಿನದು. ನಾಲ್ಕು ನಿಮಿಷ ಬಿಟ್ಟು ಅಧಿಕಾರಿ ಮತ್ತೆ ಏದುಸಿರು ಬಿಡುತ್ತಾ ಮೇಲೆ ಬರುತ್ತಾರೆ.

"ಮಗು ಅಜ್ಜಿ ಮನೆಗೆ ಹೋಗಿದೆಯಂತೆ. ನಾಳೆ ಬರುತ್ತಂತೆ. ಆರಾಮಾಗಿದೆ."

ವೈರ್‌ಲೆಸ್ ಅಣ್ಣ ಕೋಟಿನ ಮೇಲಿನ ಗುಂಡಿ ಬಿಚ್ಚಿ ಉಸಿರು ಬಿಡುತ್ತಾರೆ. ಅಧಿಕಾರಿ ಗೋಡೆಗೆ ಕಾಗದ ಒತ್ತಿಹಿಡಿದು 'ವಾಸವಿದ್ದಾರೆ' ಎಂದು ಬರೆದು ಸಹಿ ಹಾಕುತ್ತಾರೆ.

ಅಧಿಕಾರಿ ಹೋದ ಮೇಲೂ ಅಕ್ಕನಿಗೆ ನೆಮ್ಮದಿಯಿಲ್ಲ. ಆರು ತಿಂಗಳಿಗೆ ಇನ್ನೊಮ್ಮೆ ಬರುತ್ತಾರೆ, ಆಗಲೂ ಈ ಅಧಿಕಾರಿಯೇ ಬರುತ್ತಾರೆ ಅಂತ ಏನು ಭರವಸೆ? ಆಸ್ಪತ್ರೆಯಲ್ಲಿರುವವರ ಕೋಣೆ ನೋಡಲು ಮುಂದಿನ ವಾರ ಅಧಿಕಾರಿ ಬರುವವರಿದ್ದಾರೆ, ಅದಕ್ಕೇನು ಮಾಡುವುದು? ಅಕ್ಕ ಆಗಲೇ ಫೋನ್ ಕಿವಿಗಿಟ್ಟು ಮೆಟ್ಟಿಲಿಳಿಯುತ್ತಿದ್ದಾರೆ.

ನಿಮಗೇನು ಬೇಕು ಅಕ್ಕಾ, ಪ್ರಶಸ್ತಿ, ಸನ್ಮಾನ, ಏನಾದರೂ ಎಂದು ಕೇಳಿದರೆ ಮೂಗು ಮುರಿಯುತ್ತಾರೆ. ಓಣಿಯ ತಿರುವಿನವರೆಗೂ ಯೋಚಿಸಿ ಹೇಳುತ್ತಾರೆ:

"ಇವರೆಲ್ಲ ನಾನು ತಟ್ಟಿದ ಕೂಡಲೇ ಎದ್ದು ನಿಂತು ಬಾಗಿಲು ತೆಗೀತಾರೆ, ಖಾಲಿ ಮಾಡಿ ಅನ್ನೋಕೇ ಬಂದಿದ್ದೀನೇನೋ ಅನ್ನೋ ಹಾಗೆ. ಒಂದಿನ, ಒಬ್ಬರಾದ್ರೂ ಒಳಗಿಂದಲೇ 'ಈಗಾಗಲ್ಲ, ಆಮೇಲೆ ಬಾ ಹೋಗು' ಅಂತ ಗದರಬೇಕು. ತನ್ನ ಮನೇಲಿರೋನು ತಾನೇ ಹಾಗೆ ಗದರೋದು?"